ಆಟದ ಗಂಟು ಕಟ್ಟುವ ವಿದ್ಯೆ

ಪಾಲಕರ ಸಭೆ ಎಂದರೆ ಒಂದು ದೂರು ತಪ್ಪಿದ್ದಲ್ಲ. "ಮಗ ಕಂಪ್ಯೂಟರ್ ಮುಂದೆ ಕೂತರೆ ಏಳುವುದೇ ಇಲ್ಲ, ಬರೀ ಆಟ." ಅಂಕಪಟ್ಟಿಗೆ ಸಹಿ ಹಾಕುವಾಗ ತಂದೆ ಹೇಳುತ್ತಾರೆ, ತಾಯಿ ಹೌದೆಂದು ತಲೆಯಾಡಿಸುತ್ತಾರೆ, ಮಗ ನೆಲ ನೋಡುತ್ತಾನೆ. ಶಿಕ್ಷಕರಾದ ನಾವೂ "ಕಡಿಮೆ ಮಾಡಪ್ಪ" ಎಂದು ಒಂದು ಮಾತು ಸೇರಿಸಿ ಮುಂದಿನವರನ್ನು ಕರೆಯುತ್ತೇವೆ. ಆಟ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯನ್ನು ಈ ಲೇಖನದಲ್ಲಿ ಎತ್ತಿಕೊಳ್ಳುವ ಉದ್ದೇಶ ನಮಗಿಲ್ಲ. ಆ ಆಟದ ಒಳಗೇ ಮಕ್ಕಳು ಒಂದು ಕೆಲಸ ಮಾಡುತ್ತಿದ್ದಾರೆ, ಅದನ್ನು ನಾವು ಯಾರೂ ಗಮನಿಸಿಲ್ಲ. ಆ ಕೆಲಸವನ್ನು ಸರಿಯಾಗಿ ಮಾಡುವುದನ್ನು ಶಾಲೆಯೇ ಕಲಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಆಡುವುದು 'ಮೈನ್‌ಕ್ರಾಫ್ಟ್'. ಸ್ವೀಡನ್ ದೇಶದ ಮೊಜಾಂಗ್ ಎಂಬ ಚಿಕ್ಕ ಸಂಸ್ಥೆಯ ಈ ಆಟ 2009ರಲ್ಲಿ ಮೊದಲು ಹೊರಬಂದು, 2011ರ ನವೆಂಬರ್‌ನಲ್ಲಿ ಪೂರ್ಣರೂಪ ಪಡೆಯಿತು. 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಮೊಜಾಂಗನ್ನು 250 ಕೋಟಿ ಡಾಲರ್ ಕೊಟ್ಟು ಕೊಂಡಿತು. 2023ರ ಹೊತ್ತಿಗೆ 30 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಚೌಕಾಕಾರದ ಇಟ್ಟಿಗೆಗಳಿಂದ ಆದ ಒಂದು ಲೋಕ; ಮಣ್ಣು ಅಗೆದು, ಮರ ಕಡಿದು, ಮನೆ ಕಟ್ಟುವುದೇ ಆಟ. ವರ್ಷದಲ್ಲಿ ನಾಲ್ಕೈದು ತಿಂಗಳು ಬಿಸಿಲಿಗೆ ಹೆದರಿ ಬಾಗಿಲು ಮುಚ್ಚಿಕೊಂಡು ಕೂರಬೇಕಾದ ಈ ಗಲ್ಫ್ ನಾಡಿನಲ್ಲಿ, ಫ್ಲ್ಯಾಟಿನ ಮಕ್ಕಳಿಗೆ ಮಣ್ಣು ಅಗೆಯಲು ಸಿಗುವ ಅಂಗಳ ಅದೊಂದೇ ಎಂದರೂ ತಪ್ಪಿಲ್ಲ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಆಟಕ್ಕೆ ಬಂದ ಮಕ್ಕಳು ಸ್ವಲ್ಪ ದಿನದಲ್ಲೇ 'ಮಾಡ್'ಗಳ ಹತ್ತಿರ ಬರುತ್ತಾರೆ. ಮಾಡ್ ಎಂದರೆ ಮೂಲ ಆಟಕ್ಕೆ ಹೊರಗಿನವರು ಬರೆದು ಸೇರಿಸುವ ಸಣ್ಣ ತಂತ್ರಾಂಶ. ಒಂದು ಮಾಡ್ ಆಟಕ್ಕೆ ಹೊಸ ಪ್ರಾಣಿಗಳನ್ನು ತರುತ್ತದೆ, ಇನ್ನೊಂದು ರೈಲು ಓಡಿಸುತ್ತದೆ, ಮತ್ತೊಂದು ಹಳೆಯ ಕಂಪ್ಯೂಟರಿನಲ್ಲೂ ಆಟ ಸರಾಗವಾಗಿ ಸಾಗುವಂತೆ ಮಾಡುತ್ತದೆ. ಈ ಸಂಪ್ರದಾಯ ಹೊಸದೇನಲ್ಲ. 1993ರಲ್ಲಿ ಬಂದ 'ಡೂಮ್' ಆಟಕ್ಕೆ ಆಟಗಾರರೇ ಹೊಸ ಹಂತಗಳನ್ನು ಬರೆದು ಹಂಚುತ್ತಿದ್ದರು. ಜಗತ್ತಿನ ಸೈಬರ್ ಕೆಫೆಗಳನ್ನೆಲ್ಲ ತುಂಬಿದ 'ಕೌಂಟರ್ ಸ್ಟ್ರೈಕ್' ಕೂಡ 1999ರಲ್ಲಿ 'ಹಾಫ್ ಲೈಫ್' ಎಂಬ ಆಟದ ಮಾಡ್ ಆಗಿಯೇ ಹುಟ್ಟಿದ್ದು. ಅದನ್ನು ಮಾಡಿದವರು ಇಬ್ಬರು ಯುವಕರು. ಮೂಲ ಆಟದ ಸಂಸ್ಥೆಯಾದ ವಾಲ್ವ್ 2000ದಲ್ಲಿ ಅದನ್ನು ತನ್ನದೇ ಆಟವಾಗಿ ಹೊರತಂದಿತು.

ಒಂದೆರಡು ಮಾಡ್‌ಗಳಾದರೆ ಚಿಂತೆಯಿಲ್ಲ. ಆದರೆ ಮಕ್ಕಳು ಆಡುವುದು ಮಾಡ್‌ಗಳ ಗಂಟನ್ನು, ಅವರ ಮಾತಿನಲ್ಲಿ 'ಮಾಡ್‌ಪ್ಯಾಕ್'. ಇಂಥ ಒಂದು ಗಂಟಿನಲ್ಲಿ ನೂರು, ಇನ್ನೂರು ಮಾಡ್‌ಗಳಿರುವುದು ಸಾಮಾನ್ಯ. ಅವು ಒಂದರೊಡನೊಂದು ಹೊಂದಿಕೊಳ್ಳಬೇಕು. ಆಟದ ಯಾವ ಆವೃತ್ತಿಗೆ ಬರೆದದ್ದೋ ಅದೇ ಆವೃತ್ತಿ ಬೇಕು. ಫೋರ್ಜ್, ಫ್ಯಾಬ್ರಿಕ್, ನಿಯೋಫೋರ್ಜ್ ಎಂಬ ಬೇರೆ ಬೇರೆ 'ಲೋಡರ್'ಗಳಿವೆ. ಒಂದಕ್ಕೆ ಬರೆದ ಮಾಡ್ ಇನ್ನೊಂದಕ್ಕೆ ಸಾಮಾನ್ಯವಾಗಿ ಒಗ್ಗುವುದಿಲ್ಲ. ಗೆಳೆಯರು ಒಟ್ಟಿಗೆ ಆಡಬೇಕಾದರೆ ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಗಂಟು ಇರಬೇಕು. ಅನೇಕ ಮಾಡ್‌ಗಳ ವಿಷಯದಲ್ಲಿ ಒಬ್ಬನಲ್ಲಿ ಒಂದು ಆವೃತ್ತಿ ಹಳೆಯದಾದರೂ ಸಾಕು, ಬಾಗಿಲು ತೆರೆಯುವುದಿಲ್ಲ.

ಇದಕ್ಕೆ ನಮ್ಮ ಮಕ್ಕಳು ಕಂಡುಕೊಂಡಿರುವ ಉಪಾಯ ಪೆನ್ ಡ್ರೈವ್. ಯಾರೋ ಒಬ್ಬ ಜಾಣ ಹುಡುಗ ಎಲ್ಲವನ್ನೂ ಇಳಿಸಿ ಒಂದು ಕೋಶದಲ್ಲಿ ತುಂಬುತ್ತಾನೆ. ಅದು ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ, ಒಂದು ಬಸ್ಸಿನಿಂದ ಇನ್ನೊಂದು ಬಸ್ಸಿಗೆ ಹೋಗುತ್ತದೆ. ಮೂರನೆಯ ಕೈ ದಾಟುವಷ್ಟರಲ್ಲಿ ಅದರಲ್ಲಿ ಏನಿದೆ, ಯಾರು ಬರೆದದ್ದು, ಎಲ್ಲಿಂದ ಬಂದದ್ದು ಎಂಬುದು ಯಾರಿಗೂ ತಿಳಿಯದು. ನಾಲ್ಕನೆಯವನು ಅದಕ್ಕೆ ತನ್ನ ಹೆಸರು ಕೊಟ್ಟಿರುತ್ತಾನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಸರಿಯಾದ ದಾರಿ ಬೇರೊಂದಿದೆ. ರಜೆಗೆ ಊರಿಗೆ ಹೊರಟವರಿಗೆಲ್ಲ ಗೊತ್ತಿರುವ ಸಂಗತಿ: ವಿಮಾನದಲ್ಲಿ 30 ಕಿಲೋ ಎಂದರೆ 30 ಕಿಲೋ. ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿಯುವವರು ಒಂದು ಬಗೆ. ಅಲ್ಲಿಯೇ ಸಿಗುವ ಸಾಮಾನಿಗೆ ಒಂದು ಚೀಟಿ ಬರೆದು, ಯಾವ ಅಂಗಡಿ, ಯಾವ ಬ್ರ್ಯಾಂಡು, ಎಷ್ಟು ಎಂದು ಗುರುತು ಹಾಕಿಕೊಂಡು ಕೈಬೀಸಿ ಹೋಗುವವರು ಇನ್ನೊಂದು ಬಗೆ. ಚೀಟಿ ಸರಿಯಾಗಿದ್ದರೆ ಯಾರು ಅಂಗಡಿಗೆ ಹೋದರೂ ಅದೇ ಸಾಮಾನು ಮನೆಗೆ ಬರುತ್ತದೆ. ಮಾಡ್‌ಗಳ ಗಂಟಿಗೆ ಇಂಥ ಚೀಟಿ ಬರೆದುಕೊಡುವ ಉಪಕರಣವೊಂದಿದೆ. ಅದರ ಹೆಸರು 'ಪ್ಯಾಕ್‌ವಿಜ್'.

ಪ್ಯಾಕ್‌ವಿಜ್ ಉಚಿತ, ಮುಕ್ತ ತಂತ್ರಾಂಶ. 'ಗೋ' ಎಂಬ ಭಾಷೆಯಲ್ಲಿ ಬರೆದದ್ದು. ಅದಕ್ಕೆ ಬಣ್ಣಬಣ್ಣದ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಅಪ್ಪಣೆಯನ್ನು ಅಕ್ಷರಗಳಲ್ಲೇ ಟೈಪ್ ಮಾಡಿ ಕೊಡಬೇಕು. ಇದನ್ನು 'ಕಮಾಂಡ್ ಲೈನ್' ಎನ್ನುತ್ತಾರೆ. ಮೊದಲು 'ಪ್ಯಾಕ್‌ವಿಜ್ ಇನಿಟ್' ಎಂದರೆ ಅದು ಗಂಟಿನ ಹೆಸರೇನು, ಕಟ್ಟುವವರು ಯಾರು, ಆಟದ ಯಾವ ಆವೃತ್ತಿ, ಯಾವ ಲೋಡರ್ ಎಂದು ಒಂದೊಂದಾಗಿ ಕೇಳುತ್ತದೆ. ಉತ್ತರಗಳನ್ನು 'ಪ್ಯಾಕ್' ಎಂಬ ಹೆಸರಿನ ಒಂದು ಚಿಕ್ಕ ಕಡತದಲ್ಲಿ ಬರೆದಿಡುತ್ತದೆ. ಗಂಟಿನಲ್ಲಿರುವ ಎಲ್ಲ ಕಡತಗಳ ಸೂಚಿಯನ್ನು 'ಇಂಡೆಕ್ಸ್' ಎಂಬ ಇನ್ನೊಂದರಲ್ಲಿ ಇಡುತ್ತದೆ. ಎರಡೂ ಸಾದಾ ಪಠ್ಯ. ನೋಟ್‌ಪ್ಯಾಡಿನಲ್ಲಿ ತೆರೆದರೆ ಯಾರು ಬೇಕಾದರೂ ಓದಬಹುದು.

ಅನಂತರ 'ಮೋಡ್ರಿಂತ್' ಅಥವಾ 'ಕರ್ಸ್‌ಫೋರ್ಜ್' ಎಂಬ ಮಾಡ್ ಭಂಡಾರಗಳಿಂದ ಬೇಕಾದ ಮಾಡ್‌ನ ಹೆಸರು ಹೇಳಿ 'ಆಡ್' ಎಂದು ಅಪ್ಪಣೆ ಕೊಡಬೇಕು. ಆಗ ಪ್ಯಾಕ್‌ವಿಜ್ ಆ ಮಾಡ್ ಅನ್ನೇ ತಂದು ಗಂಟಿಗೆ ತುರುಕುವುದಿಲ್ಲ. ಅದರ ಬದಲು ಒಂದು ಪುಟ್ಟ ಚೀಟಿ ಬರೆಯುತ್ತದೆ: ಮಾಡ್‌ನ ಹೆಸರು, ಕಡತದ ಹೆಸರು, ಯಾವ ವಿಳಾಸದಿಂದ ಇಳಿಸಿಕೊಳ್ಳಬೇಕು, ಭಂಡಾರದಲ್ಲಿ ಅದರ ಗುರುತಿನ ಸಂಖ್ಯೆ ಏನು, ಅದು ಆಟಗಾರನ ಕಂಪ್ಯೂಟರಿಗೆ ಬೇಕೋ ಸರ್ವರಿಗೆ ಬೇಕೋ ಎರಡಕ್ಕೂ ಬೇಕೋ. ಉದಾಹರಣೆಗೆ, ಚಿತ್ರವನ್ನು ಚುರುಕುಗೊಳಿಸುವ 'ಸೋಡಿಯಂ' ಎಂಬ ಮಾಡ್ ಆಡುವವನಿಗೆ ಮಾತ್ರ ಬೇಕು. ಪರದೆಯೇ ಇಲ್ಲದ ಸರ್ವರಿಗೆ ಅದರ ಅಗತ್ಯವಿಲ್ಲ. ಚೀಟಿಯಲ್ಲಿ ಆ ಮಾತೂ ದಾಖಲಾಗುತ್ತದೆ. ಒಂದು ಮಾಡ್ ಇನ್ನೊಂದನ್ನು ಅವಲಂಬಿಸಿದ್ದರೆ "ಅದನ್ನೂ ಸೇರಿಸಲೇ?" ಎಂದು ಕೇಳುತ್ತದೆ.

ಚೀಟಿಯಲ್ಲಿ ಮತ್ತೊಂದು ಮುಖ್ಯ ಸಾಲಿದೆ. ಅದನ್ನು 'ಹ್ಯಾಶ್' ಎನ್ನುತ್ತಾರೆ. ಕಡತದ ಪ್ರತಿಯೊಂದು ಅಂಶವನ್ನೂ ಗಣಿತಕ್ಕೆ ಒಳಪಡಿಸಿ ತೆಗೆದ ಒಂದು ಉದ್ದನೆಯ ಗುರುತು ಅದು. ಕಡತದ ಹೆಬ್ಬೆಟ್ಟಿನ ಗುರುತು ಎಂದರೆ ಅರ್ಥವಾದೀತು. ಸೂಚಿಯಲ್ಲಿ ಬಳಸುವ ಬಗೆಯ ಗುರುತು 64 ಅಕ್ಷರ ಮತ್ತು ಅಂಕಿಗಳಷ್ಟು ಉದ್ದ. ಕಡತದಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಗೆಳೆಯನ ಮನೆಯಲ್ಲಿ ಅದೇ ಚೀಟಿಯ ಪ್ರಕಾರ ಮಾಡ್ ಇಳಿದಾಗ ಗುರುತು ತಾಳೆಯಾಗದಿದ್ದರೆ ಅದನ್ನು ಒಪ್ಪಿಕೊಳ್ಳುವುದಿಲ್ಲ. ಮಾಡ್‌ಗಳ ಹೊಸ ಆವೃತ್ತಿ ಬಂದಾಗ 'ಅಪ್‌ಡೇಟ್' ಎಂದರೆ ಚೀಟಿಗಳು ಹೊಸದಾಗುತ್ತವೆ. ಯಾವುದೋ ಒಂದು ಈಗಿರುವಂತೆಯೇ ಇರಲಿ ಎಂದಾದರೆ ಅದಕ್ಕೆ 'ಪಿನ್' ಹಾಕಬಹುದು. ಕೊನೆಗೆ 'ಎಕ್ಸ್‌ಪೋರ್ಟ್' ಎಂದರೆ ಆಯಾ ಭಂಡಾರ ಒಪ್ಪುವ ರೂಪದಲ್ಲಿ ಗಂಟು ಸಿದ್ಧವಾಗುತ್ತದೆ. ಇದರ ಜೊತೆಗಾರ ತಂತ್ರಾಂಶವೊಂದು ಆಟ ಶುರುವಾಗುವ ಮೊದಲೇ ಸೂಚಿಯನ್ನು ನೋಡಿ, ಬದಲಾದ ಕಡತಗಳನ್ನಷ್ಟೇ ಇಳಿಸಿಕೊಳ್ಳುತ್ತದೆ. ನೂರಾರು ಮಾಡ್‌ಗಳ ಗಂಟು ಹೀಗೆ ಒಂದು ತೆಳ್ಳಗಿನ ಚೀಟಿಗಳ ಕಟ್ಟಾಗಿ ಉಳಿಯುತ್ತದೆ.

ಭಾಷಾ ಶಿಕ್ಷಕರಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಕೆಲಸ ಇದೆ. ಮೊದಲನೆಯದು ಕಾಗುಣಿತ. ಉಕ್ತಲೇಖನದಲ್ಲಿ ಒಂದಕ್ಷರ ತಪ್ಪಾದರೆ "ಅರ್ಥವಾಗುತ್ತದಲ್ಲ ಟೀಚರ್" ಎಂದು ವಾದಿಸುವ ಹುಡುಗನೇ ಕಪ್ಪು ಪರದೆಯ ಮುಂದೆ ಒಂದಕ್ಷರ ತಪ್ಪಿ, ಯಂತ್ರ ಒಪ್ಪದೆ, ಸುಮ್ಮನೆ ಮತ್ತೆ ಸರಿಯಾಗಿ ಬರೆಯುತ್ತಾನೆ. ಅಲ್ಲಿ ವಾದ ನಡೆಯುವುದಿಲ್ಲ. ಎರಡನೆಯದು ವ್ಯಾಕರಣ. 'ಪ್ಯಾಕ್‌ವಿಜ್ ಮೋಡ್ರಿಂತ್ ಆಡ್ ಸೋಡಿಯಂ' ಎಂಬ ಅಪ್ಪಣೆಯನ್ನು ಬಿಡಿಸಿ ನೋಡಿದರೆ ಮಾಡುವವನು, ಎಲ್ಲಿಂದ, ಕ್ರಿಯೆ, ಕರ್ಮ, ಎಲ್ಲವೂ ಕ್ರಮವಾಗಿ ಕುಳಿತಿವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಲ್ಲಿ ಕರ್ಮಕ್ಕಿಂತ ಮೊದಲು ಬಂದಿದೆ. ವಿಧ್ಯರ್ಥಕ ರೂಪಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗಲಿಕ್ಕಿಲ್ಲ.

ಆದರೆ ಕಾಗುಣಿತ, ವ್ಯಾಕರಣಗಳಿಗಿಂತ ದೊಡ್ಡ ಮಾತು ಬೇರೆ ಇದೆ. ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳು ಮೈನ್‌ಕ್ರಾಫ್ಟ್‌ಗೆ ಕೆಲವು ಚಿತ್ರಗಳನ್ನು ಬರೆದಿದ್ದಳು. ಆಟದ ನೆಲದ ಹಾಸುಗಳ ಮೇಲೆ ರಂಗೋಲಿಯ ಎಳೆಗಳು. ದೀಪಕ್ಕೆ ಹಣತೆಯ ರೂಪ. 16 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಚೌಕದಲ್ಲಿ ರಂಗೋಲಿಯ ತಿರುವು ಕೂರಿಸುವುದು ಎಷ್ಟು ಕಷ್ಟ ಎಂಬುದು ಬರೆದವರಿಗೇ ಗೊತ್ತು. ಅವಳು ಅದನ್ನು ಇಬ್ಬರು ಗೆಳತಿಯರಿಗೆ ಕೊಟ್ಟಳು. ಒಂದು ತಿಂಗಳಲ್ಲಿ ಅದು ಹತ್ತನೇ ತರಗತಿಯ ಹುಡುಗರ ಗಂಟಿನಲ್ಲಿತ್ತು, ಅವಳ ಹೆಸರು ಮಾತ್ರ ಇರಲಿಲ್ಲ. ಅದನ್ನು ಆಡಿದವರೆಲ್ಲ ಆ ಹುಡುಗರನ್ನು ಹೊಗಳಿದರು. ಹುಡುಗರು ಕದಿಯಬೇಕೆಂದು ಕದ್ದವರಲ್ಲ. ಪೆನ್ ಡ್ರೈವ್‌ನಲ್ಲಿ ಬಂತು, ಹಾಕಿದರು. ಅವಳು ಜಗಳವಾಡಲಿಲ್ಲ. "ನಾನೇ ಮಾಡಿದ್ದು ಅಂತ ಈಗ ಹೇಳಿದರೆ ಯಾರು ನಂಬುತ್ತಾರೆ ಟೀಚರ್?" ಎಂದು ಕೇಳಿದಳು. ಆಮೇಲೆ ಹೊಸ ಚಿತ್ರ ಬರೆಯುವುದನ್ನು ನಿಲ್ಲಿಸಿದಳು.

ಆ ಪ್ರಶ್ನೆಗೆ ನಮ್ಮ ಸಾಹಿತ್ಯದಲ್ಲಿ ಹಳೆಯ ಉತ್ತರವೊಂದಿದೆ. 12ನೇ ಶತಮಾನದ ವಚನಕಾರರು ತಮ್ಮ ವಚನಗಳಲ್ಲಿ ಅಂಕಿತ ಇಟ್ಟರು. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಅಕ್ಕನ ಚೆನ್ನಮಲ್ಲಿಕಾರ್ಜುನ ಇವು ವಚನದ ಒಳಗೇ ಹೆಣೆದುಕೊಂಡಿವೆ. ಬೇರ್ಪಡಿಸಿದರೆ ವಚನವೇ ಮುಗಿಯುವುದಿಲ್ಲ. 15ನೇ ಶತಮಾನದಲ್ಲಿ ಶೂನ್ಯಸಂಪಾದನೆಯ ಸಂಪಾದಕರು ಬೇರೆ ಬೇರೆ ಶರಣರ ವಚನಗಳನ್ನು ಕೂಡಿಸಿ ಒಂದೇ ಸಂವಾದವಾಗಿ ಜೋಡಿಸಿದಾಗಲೂ ಯಾರ ಮಾತು ಯಾರದು ಎಂಬುದು ಅಳಿಸಿಹೋಗಲಿಲ್ಲ. ಫ.ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಚದುರಿದ್ದ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದಾಗ, ಏಳೆಂಟು ಶತಮಾನಗಳ ಕೈಬದಲಿನ ನಂತರವೂ ಅಂಕಿತವೇ ಅವರಿಗೆ ದಾರಿದೀಪವಾಯಿತು. ಕೂಡಿಸುವುದು ಕೀಳು ಕೆಲಸವಲ್ಲ. ನಮ್ಮ ಭಾಷೆಯಲ್ಲಿ ಸಂಕಲನಕಾರನಿಗೂ ಗೌರವವಿದೆ. ಕೂಡಿಸಿದವನು ಬರೆದವನನ್ನು ಮರೆಯಬಾರದು, ಅಷ್ಟೇ.

ಪ್ಯಾಕ್‌ವಿಜ್ ಮಾಡುವ ಮುಖ್ಯ ಉಪಕಾರ ಇದೇ ಎಂದು ನಾವು ತಿಳಿಯುತ್ತೇವೆ. ಕಡತ ಬರುವುದು ಕರ್ತೃ ತಾನೇ ಪ್ರಕಟಿಸಿದ ಜಾಗದಿಂದ. ಚೀಟಿಯಲ್ಲಿ ಕರ್ತೃವಿನ ಹೆಸರು ನೇರವಾಗಿ ಇರುವುದಿಲ್ಲ, ಆದರೆ ಅವರ ಪುಟಕ್ಕೆ ಹೋಗುವ ಗುರುತು ಇರುತ್ತದೆ. ಹುಡುಕುವವನಿಗೆ ಹೆಸರು ಸಿಕ್ಕೇ ಸಿಗುತ್ತದೆ. ಕರ್ಸ್‌ಫೋರ್ಜ್‌ನಲ್ಲಿ "ಹೊರಗಿನ ತಂತ್ರಾಂಶಗಳ ಮೂಲಕ ನನ್ನ ಕಡತ ಹಂಚುವುದು ಬೇಡ" ಎಂದು ಕರ್ತೃ ಹೇಳಲು ಅವಕಾಶವಿದೆ. ಹಾಗೆ ಹೇಳಿದ್ದರೆ ಆಟಗಾರನೇ ಆ ಪುಟಕ್ಕೆ ಹೋಗಿ ಕೈಯಾರೆ ಇಳಿಸಿಕೊಳ್ಳಬೇಕು. ಮಕ್ಕಳು ಇದನ್ನು ತೊಂದರೆ ಎನ್ನುತ್ತಾರೆ. ನಾವು ಇದನ್ನು ಪಾಠ ಎನ್ನುತ್ತೇವೆ: ಒಬ್ಬರ ಮನೆಯ ವಸ್ತು ಬೇಕಾದರೆ ಅವರ ಬಾಗಿಲಿಗೇ ಹೋಗಬೇಕು.

ಚೀಟಿಯ ಪದ್ಧತಿಗೆ ದೋಷವೇ ಇಲ್ಲವೆಂದು ನಾವು ಹೇಳುವುದಿಲ್ಲ. ಅಂಗಡಿ ಮುಚ್ಚಿದರೆ ಚೀಟಿ ಬರೀ ಕಾಗದ. ಕರ್ತೃ ತನ್ನ ಮಾಡ್ ಅನ್ನು ಅಳಿಸಿಬಿಟ್ಟರೆ ಅದನ್ನು ನಂಬಿದ ಗಂಟುಗಳೆಲ್ಲ ಹರಿದುಹೋಗುತ್ತವೆ. 2021ರಲ್ಲಿ ಇದೇ ವಿಷಯಕ್ಕೆ 'ನೆಕ್ಸಸ್ ಮಾಡ್ಸ್' ಎಂಬ ದೊಡ್ಡ ಭಂಡಾರದಲ್ಲಿ ಭಾರೀ ವಿವಾದವಾಯಿತು. 'ಸ್ಕೈರಿಮ್' ಮೊದಲಾದ ಆಟಗಳ ಮಾಡ್‌ಗಳು ಅಲ್ಲಿವೆ. ಗಂಟುಗಳು ಮುರಿಯಬಾರದೆಂದು ಅವರು ಒಂದು ನಿಯಮ ತಂದರು: ಇನ್ನು ಮುಂದೆ ಕರ್ತೃ ಕಡತವನ್ನು ಕಣ್ಣಿಗೆ ಕಾಣದಂತೆ ತೆಗೆದಿಡಬಹುದು, ಆದರೆ ಪೂರ್ತಿ ಅಳಿಸುವಂತಿಲ್ಲ. ಒಪ್ಪದವರು ಇಂತಿಷ್ಟು ದಿನದೊಳಗೆ ಅಳಿಸಿಕೊಳ್ಳಲು ಕೋರಬಹುದು ಎಂದು ಗಡುವು ಕೊಟ್ಟರು. ಕೆಲವು ಕರ್ತೃಗಳು ಸಿಟ್ಟಾಗಿ ವರ್ಷಗಳ ತಮ್ಮ ಕೆಲಸವನ್ನೆಲ್ಲ ಕಿತ್ತುಕೊಂಡು ಹೊರಟರು. ಸಾವಿರಾರು ಆಟಗಾರರ ಅನುಕೂಲ ಒಂದು ಕಡೆ, ಬರೆದವನ ಹಕ್ಕು ಇನ್ನೊಂದು ಕಡೆ. ಯಾರು ಸರಿ? ಹನ್ನೊಂದನೇ ತರಗತಿಯ ಚರ್ಚಾಸ್ಪರ್ಧೆಗೆ "ಮೊಬೈಲ್ ವರವೋ ಶಾಪವೋ" ಎಂಬ ಸವೆದ ವಿಷಯ ಬಿಟ್ಟು ಇದನ್ನು ಕೊಟ್ಟು ನೋಡಬೇಕು. ನಮ್ಮ ಮಟ್ಟಿಗೆ ಬರೆದವನ ಮಾತೇ ಮೊದಲು ನಿಲ್ಲಬೇಕು. ಗಂಟು ಹರಿದರೆ ಮತ್ತೆ ಕಟ್ಟಬಹುದು. ಬರೆಯುವವರು ಬರೆಯುವುದನ್ನೇ ಬಿಟ್ಟರೆ ಕಟ್ಟಲು ಏನಿರುತ್ತದೆ?

ಇನ್ನೊಂದು ಅಪಾಯವನ್ನು ಪಾಲಕರು ಖಂಡಿತ ತಿಳಿದಿರಬೇಕು. 2023ರ ಜೂನ್‌ನಲ್ಲಿ ಕರ್ಸ್‌ಫೋರ್ಜ್‌ನ ಕೆಲವು ಖಾತೆಗಳಿಗೆ ಕಳ್ಳರು ನುಗ್ಗಿ, ಹೆಸರುವಾಸಿ ಮಾಡ್‌ಗಳಲ್ಲೂ ಗಂಟುಗಳಲ್ಲೂ 'ಫ್ರ್ಯಾಕ್ಚರೈಸರ್' ಎಂದು ಆಮೇಲೆ ಹೆಸರಾದ ಕುತಂತ್ರಾಂಶವನ್ನು ಸೇರಿಸಿದ್ದರು. ಅದು ಕಂಪ್ಯೂಟರಿನಲ್ಲಿರುವ ಗುಪ್ತಪದಗಳನ್ನು ಕದಿಯುವಂಥದ್ದು. ಇಂಥ ಸಂದರ್ಭದಲ್ಲಿ ಹ್ಯಾಶ್ ಒಂದೇ ಕಾಪಾಡುವುದಿಲ್ಲ. ವಿಷ ಬೆರೆತ ಕಡತವನ್ನೇ ಹೊಸ ಆವೃತ್ತಿ ಎಂದು ಒಪ್ಪಿ ಚೀಟಿ ಬರೆದರೆ ವಿಷಕ್ಕೇ ಹೆಬ್ಬೆಟ್ಟು ಒತ್ತಿಸಿದಂತಾಗುತ್ತದೆ. ಆದರೂ ಚೀಟಿ ಇದ್ದವನಿಗೆ "ನನ್ನಲ್ಲಿರುವುದು ಯಾವುದು, ಅದು ವಿಷ ಬೆರೆತ ಆವೃತ್ತಿಯೇ?" ಎಂದು ತಾಳೆ ನೋಡಲು ದಾರಿಯುಂಟು. ಹೆಸರಿಲ್ಲದ ಪೆನ್ ಡ್ರೈವ್ ಗಂಟಿನಲ್ಲಿ ಆ ದಾರಿಯೂ ಇಲ್ಲ. ಮನೆಯ ಅದೇ ಕಂಪ್ಯೂಟರಿನಲ್ಲಿ ತಂದೆ ಊರಿಗೆ ಹಣ ಕಳಿಸುತ್ತಾರೆ ಎಂಬುದನ್ನು ಮಕ್ಕಳಿಗೆ ನೆನಪಿಸಬೇಕು.

"ಇದೆಲ್ಲ ಒಂದೇ ಗುಂಡಿ ಒತ್ತಿದರೆ ಆಗುತ್ತದೆ, ಕಪ್ಪು ಪರದೆ ಯಾಕೆ?" ಎಂದು ಕೆಲವು ವಿದ್ಯಾರ್ಥಿಗಳು ಕೇಳುತ್ತಾರೆ. ನಿಜ, ಗುಂಡಿ ಒತ್ತಿ ಗಂಟು ಇಳಿಸಿಕೊಳ್ಳುವ ತಂತ್ರಾಂಶಗಳಿವೆ, ಆಡುವವರಿಗೆ ಅವು ಸಾಕು. ಆದರೆ ಊಟ ಮಾಡುವುದು ಬೇರೆ, ಅಡುಗೆ ಕಲಿಯುವುದು ಬೇರೆ. ಗುಂಡಿಯ ಹಿಂದೆ ಏನು ನಡೆಯಿತು ಎಂಬುದು ಕಾಣುವುದಿಲ್ಲ. ಚೀಟಿಯಲ್ಲಿ ಪ್ರತಿಯೊಂದು ಹೆಜ್ಜೆಯೂ ಅಕ್ಷರದಲ್ಲಿ ಉಳಿಯುತ್ತದೆ. ನಿನ್ನೆಯ ಚೀಟಿಗೂ ಇಂದಿನ ಚೀಟಿಗೂ ಏನು ವ್ಯತ್ಯಾಸ ಎಂದು ಸಾಲು ಸಾಲಾಗಿ ಹೋಲಿಸಬಹುದು. ಮೇಲಾಗಿ ಪಾಲಕರಿಗೂ ಇದು ಅನುಕೂಲ. ನೂರಾರು ಮೆಗಾಬೈಟಿನ ಗಂಟನ್ನು ಬಿಚ್ಚಿ ನೋಡಲು ಯಾವ ತಾಯಿಗೂ ಆಗದು. ಆದರೆ ಒಂದು ಪಟ್ಟಿಯನ್ನು ಓದಿ "ಇದೇನು ಮಗಾ, ಇದು ಯಾಕೆ ಬೇಕು?" ಎಂದು ಕೇಳಬಹುದು. ಬೈಗುಳದ ಜಾಗದಲ್ಲಿ ಒಂದು ಮಾತುಕತೆ ಹುಟ್ಟುತ್ತದೆ.

ಈಗ ನಮ್ಮ ಭಾಷೆಯ ವಿಷಯ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ ಎಂಬುದು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಸ್ವಯಂಸೇವಕರು ಅಂತರ್ಜಾಲದಲ್ಲಿ ಕೂಡಿ ಮಾಡಿದ ಅನುವಾದ ಅದು. ಮಾಡ್‌ಗಳಿಗೂ ಇದೇ ವ್ಯವಸ್ಥೆ ಉಂಟು. ಸಾಮಾನ್ಯವಾಗಿ ಮಾಡ್‌ನ ಒಳಗೆ ಭಾಷೆಗೊಂದು ಕಡತ. ಎಡಗಡೆ ವಸ್ತುವಿನ ಗುರುತು, ಬಲಗಡೆ ಆ ಭಾಷೆಯ ಪದ. ಕನ್ನಡದ ಕಡತ ಇಲ್ಲದಿದ್ದರೆ ಆಟ ಇಂಗ್ಲಿಷ್ ಪದವನ್ನೇ ತೋರಿಸುತ್ತದೆ. ಆ ಕಡತ ಬರೆಯಲು ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಕನ್ನಡ ಬಂದರೆ ಸಾಕು. ಮಾಡ್ ಅನ್ನು ಬಿಚ್ಚಿ ತಿದ್ದಬೇಕಾಗಿಯೂ ಇಲ್ಲ. ಪ್ರತ್ಯೇಕ 'ರಿಸೋರ್ಸ್ ಪ್ಯಾಕ್' ಆಗಿ ಬರೆದು ಗಂಟಿಗೆ ಸೇರಿಸಬಹುದು.

ಬರೆಯಲು ಕೂತರೆ ಗೊತ್ತಾಗುತ್ತದೆ ನಮ್ಮ ಮಕ್ಕಳಿಗೆ ಏನು ತಪ್ಪಿಹೋಗಿದೆ ಎಂದು. ಆಟದಲ್ಲಿ ಅಗೆಯುವ ಹತ್ಯಾರುಗಳೇ ನಾಲ್ಕಾರು ಇವೆ. ಇಂಗ್ಲಿಷಿನಲ್ಲಿ ಎಲ್ಲ ಹೆಸರೂ ಬಾಯಿಪಾಠ. ಕನ್ನಡದಲ್ಲಿ ಕೇಳಿದರೆ ಎಲ್ಲವೂ "ಗುದ್ದಲಿ". ಕಲ್ಲು ಒಡೆಯುವುದಕ್ಕೆ ಪಿಕಾಸಿ, ಮಣ್ಣು ಎತ್ತುವುದಕ್ಕೆ ಸಲಿಕೆ, ಪಾತಿ ಮಾಡುವುದಕ್ಕೆ ಗುದ್ದಲಿ, ಮರಕ್ಕೆ ಕೊಡಲಿ. ಮಂಗಳೂರು ಕಡೆಯ ಮನೆಯಲ್ಲಿ ಹಾರೆ ಎಂದರೆ ಒಂದು, ಮೈಸೂರು ಕಡೆಯ ಮನೆಯಲ್ಲಿ ಹಾರೆ ಎಂದರೆ ಇನ್ನೊಂದು. ಕಬ್ಬಿಣ ಕಾಯಿಸುವುದು ಒಲೆಯೋ ಕುಲುಮೆಯೋ? ಈ ಪ್ರಶ್ನೆಗಳಿಗೆ ನಿಘಂಟಿಗಿಂತ ಊರಿನಲ್ಲಿರುವ ಅಜ್ಜನ ಉತ್ತರ ಒಳ್ಳೆಯದು. ವಾರಕ್ಕೊಮ್ಮೆ ಫೋನಿನಲ್ಲಿ "ಊಟ ಆಯ್ತಾ, ಶಾಲೆ ಹೇಗಿದೆ" ಎಂಬೆರಡು ಮಾತು ಮುಗಿಸಿ ಅಮ್ಮನ ಕೈಗೆ ಫೋನು ಕೊಡುವ ಮೊಮ್ಮಗ, "ಅಜ್ಜಾ, ಪಿಕಾಸಿಗೂ ಗುದ್ದಲಿಗೂ ಏನು ವ್ಯತ್ಯಾಸ?" ಎಂದು ಕೇಳಿದರೆ ಆ ಕಡೆ ಅಜ್ಜನಿಗೆ ಎಷ್ಟು ಸಂತೋಷವಾದೀತು!

ತೊಡಕುಗಳೂ ಇಲ್ಲದಿಲ್ಲ. ಕಮಾಂಡ್ ಲೈನಿನ ಪರದೆಯಲ್ಲಿ ಒಂದಕ್ಷರಕ್ಕೆ ಒಂದು ಮನೆ ಎಂಬ ಲೆಕ್ಕ. ಇಂಗ್ಲಿಷಿಗೆ ಅದು ಸರಿ. ನಮ್ಮ ಒತ್ತಕ್ಷರಗಳು ಆ ಮನೆಗಳಲ್ಲಿ ಕೂಡಿಕೊಳ್ಳದೆ ಒಡೆದು ಕಾಣುವುದುಂಟು. ಅನೇಕ ಆಟಗಳಲ್ಲೂ ಇದೇ ಗೋಳು. ಒಡೆದು ಕಂಡಿತೆಂದು ಬರೆಯುವುದನ್ನೇ ಬಿಟ್ಟರೆ ಸರಿಪಡಿಸಬೇಕಾದವರಿಗೆ ಅದರ ಅಗತ್ಯ ತಿಳಿಯುವುದು ಹೇಗೆ? ಬಳಸುವವರು ಇದ್ದರೆ ತಾನೇ ದೂರು ಹೋಗುವುದು!

ಆದ್ದರಿಂದ ನಮ್ಮ ಸಲಹೆಗಳು ಇಷ್ಟು. ಒಂದು, ಒಂಬತ್ತನೇ ತರಗತಿಯ ಕಂಪ್ಯೂಟರ್ ಯೋಜನಾ ಕಾರ್ಯದಲ್ಲಿ ಮಾಡ್ ಗಂಟು ಕಟ್ಟುವುದಕ್ಕೂ ಅವಕಾಶವಿರಲಿ. ನೂರು ಬೇಡ, ಹತ್ತೇ ಮಾಡ್‌ಗಳು ಸಾಕು. ಎರಡು, ಪ್ರತಿಯೊಂದಕ್ಕೂ ಕರ್ತೃವಿನ ಹೆಸರು, ಅವರು ಕೊಟ್ಟಿರುವ ಪರವಾನಗಿ, ಇದನ್ನು ಏಕೆ ಆರಿಸಿದೆ ಎಂಬ ಎರಡು ಸಾಲು ವಿದ್ಯಾರ್ಥಿಯೇ ಬರೆದು ಗಂಟಿನಲ್ಲಿಡಲಿ. ಈ ಕೆಲಸವನ್ನು ಯಂತ್ರ ಮಾಡಿಕೊಡುವುದಿಲ್ಲ, ಮಾಡಿಕೊಡಲೂ ಬಾರದು. ಮೂರು, ಕನ್ನಡ, ಹಿಂದಿ, ಮಲಯಾಳಂ, ತಮಿಳು, ಯಾವ ಭಾಷೆಯ ತರಗತಿಯೇ ಆಗಲಿ, ಒಂದು ಮಾಡ್‌ನ ಪದಗಳನ್ನು ತಮ್ಮ ಭಾಷೆಗೆ ತರುವ ಸ್ಪರ್ಧೆ ನಡೆಸಲಿ. ನಾಲ್ಕು, ಶಾಲೆಯ ಆವರಣದಲ್ಲಿ ಹೆಸರಿಲ್ಲದ ಗಂಟುಗಳ ಪೆನ್ ಡ್ರೈವ್ ವಿನಿಮಯ ನಿಲ್ಲಲಿ. ಆಟದ ಸಮಯಕ್ಕೆ ಮಿತಿ ಹಾಕುವ ಪಾಲಕರ ಅಧಿಕಾರವನ್ನು ನಾವು ಪ್ರಶ್ನಿಸುವುದಿಲ್ಲ. ಆ ಮಿತಿಯೊಳಗಿನ ಒಂದು ಗಂಟೆಯಲ್ಲಿ ಅರ್ಧ ಗಂಟೆ ಕಟ್ಟುವುದಕ್ಕೆ ಹೋಗಲಿ ಎಂದಷ್ಟೇ ಕೇಳುತ್ತೇವೆ.

ಹತ್ತನೇ ತರಗತಿಯ ಆ ಹುಡುಗರ ಜೊತೆ ನಾವು ಕುಳಿತು ಮಾತನಾಡಿದ್ದೇವೆ. ತಮ್ಮ ಗಂಟನ್ನು ಪೂರ್ತಿ ಬಿಚ್ಚಿ ಚೀಟಿಗಳಾಗಿ ಬರೆಯುವ ಕೆಲಸಕ್ಕೆ ಅವರು ಒಪ್ಪಿದ್ದಾರೆ. ಹಲವು ಕಡತಗಳು ಎಲ್ಲಿಂದ ಬಂದವೆಂದು ಅವರಿಗೇ ನೆನಪಿಲ್ಲ. ಅವುಗಳ ಮೂಲ ಸಿಗದಿದ್ದರೆ ತೆಗೆದುಹಾಕಬೇಕೆಂಬುದು ನಮ್ಮ ಷರತ್ತು. ರಂಗೋಲಿಯ ಚಿತ್ರಗಳನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎಂಬುದನ್ನು ನಾವು ಹೇಳುವುದಿಲ್ಲ. ಅದನ್ನು ಅವರು ಎಂಟನೇ ತರಗತಿಗೆ ಹೋಗಿ ಅವಳನ್ನೇ ಕೇಳಬೇಕು.